ಉಳಿತಾಯದ ಕಾಲಂ

ತುಮಕೂರಿನಿಂದ ಬಂದ ಅಮ್ಮ ಟಿ. ನಗರದ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ತಂಬಿಗೆಯನ್ನು ನೇರವಾಗಿ ನೋಡುವುದೇ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಾಳೆ. ದೀಪದ ಬಿಳಿ ಗೆರೆ ಎಲ್ಲಿ ಸೊಟ್ಟಗಾಯಿತೋ ಅಲ್ಲಿ ನೆಗ್ಗಿದೆ ಎಂದರ್ಥ. “ಬೇರೆ ಕುಡುಂಗೊ” ಎಂದು ತನ್ನದೇ ತಮಿಳಿನಲ್ಲಿ ವಾಪಸ್ ಕೊಡುತ್ತಾಳೆ.

ಇದೇ ಕೆಲಸಕ್ಕೆ ನಾವು ಐಟಿಯವರು ‘ಆಟೋಮೇಟೆಡ್ ವಿಶುಯಲ್ ಇನ್‌ಸ್ಪೆಕ್ಷನ್’ ಎಂದು ಹೆಸರಿಟ್ಟು ಮಾರುತ್ತೇವೆ. ಅಂಬತ್ತೂರಿನ ಕಡೆ ಒಂದು ಕ್ರೋಮ್ ಲೇಪನದ ಕಾರ್ಖಾನೆಗೆ ನಾನೂ ಮಾರಿದ್ದೇನೆ. ಹಾಗಾಗಿ ಈ ಜಗಳ ಮೊದಲು ನನ್ನ ಜೊತೆಗೇ.

ಸ್ಲೈಡಿನಲ್ಲಿ ಹಾಕುತ್ತೇವೆ: ನಿಖರತೆ 99.5%. ಸಾವಿರ ಬಿಡಿಭಾಗಗಳಲ್ಲಿ ಕೆಟ್ಟವು ಐದೇ ಇದ್ದರೆ, ಕಣ್ಣು ಮುಚ್ಚಿಕೊಂಡು ‘ಎಲ್ಲಾ ಸರಿ’ ಅಂದರೂ 99.5% ಬರುತ್ತದೆ! ಎಂಟೆಕ್ ಮಾಡಿದ ನಮಗೆ ಈ ಲೆಕ್ಕ ಗೊತ್ತಿಲ್ಲವೇ? ಆ ಐದರಲ್ಲಿ ಎಷ್ಟು ತಪ್ಪಿಸಿಕೊಂಡವು, ಒಳ್ಳೆಯವು ಎಷ್ಟು ಸುಮ್ಮನೆ ಗುಜರಿಗೆ ಹೋದವು ಎಂದು ಗಿರಾಕಿ ಕೇಳದಿದ್ದರೆ ನಾವಾಗಿ ಹೇಳುವುದಿಲ್ಲ.

ಹೊಳೆಯುವ ಲೋಹವೆಂದರೆ ಕನ್ನಡಿ. ಕ್ಯಾಮೆರಾಕ್ಕೆ ಅದರಲ್ಲಿ ಛಾವಣಿ, ದೀಪ, ಕೆಲವೊಮ್ಮೆ ತನ್ನದೇ ಮುಖ ಕಾಣುತ್ತದೆ. ತೆಳು ಗೀರು ಒಂದು ಓರೆಯಲ್ಲಿ ಮಿನುಗಿ ಇನ್ನೊಂದರಲ್ಲಿ ಮಾಯ. ಎಣ್ಣೆಯ ಬೆರಳಚ್ಚೂ ದೋಷದಂತೆಯೇ ಕಾಣುತ್ತದೆ. ಅರ್ಧ ಕೆಲಸ ಬೆಳಕಿನದು: ತೀರಾ ತಗ್ಗಿನಿಂದ ಬೆಳಕು ಬಿಟ್ಟರೆ ನುಣುಪು ಭಾಗ ಕಪ್ಪಾಗಿ ಗೀರು ಮಾತ್ರ ಬೆಳ್ಳಗೆ ಎದ್ದು ಕಾಣುತ್ತದೆ. ಪಟ್ಟೆಪಟ್ಟೆ ಬೆಳಕು ತೋರಿಸಿ, ಪ್ರತಿಬಿಂಬದಲ್ಲಿ ಪಟ್ಟೆ ಎಲ್ಲಿ ಬಾಗಿತು ಎಂದು ಅಳೆದರೆ ನೆಗ್ಗು ಸಿಗುತ್ತದೆ. ಇದರ ಹೆಸರು ಡಿಫ್ಲೆಕ್ಟೊಮೆಟ್ರಿ. ಅಮ್ಮ ಟ್ಯೂಬ್‌ಲೈಟಿನಲ್ಲಿ ಮಾಡಿದ್ದೂ ಹೆಚ್ಚುಕಮ್ಮಿ ಅದನ್ನೇ.

ಕಾರ್ಖಾನೆಯಲ್ಲಿ ಆ ಓರೆಯನ್ನು ನಮಗೆ ಕಲಿಸಿದವರು ತಪಾಸಣೆ ಮೇಜಿನ ಆರು ಹೆಂಗಸರು. ಮೂರು ವಾರ ಅವರ ಕೈ ನೋಡಿಯೇ ದೀಪ ಜೋಡಿಸಿದೆವು. ಸಾವಿರಾರು ಚಿತ್ರಗಳ ಮೇಲೆ ‘ಇದು ಗೀರು, ಇದು ಎಣ್ಣೆ’ ಎಂದು ಗುರುತು ಹಾಕಿದವರೂ ಅವರೇ. ವರದಿಯಲ್ಲಿ ಅದನ್ನು ‘ಡೇಟಾ ಲೇಬಲಿಂಗ್’ ಅಂದೆ. ಲಾಭದ ಕಾಲಂನಲ್ಲಿ ‘ಆರು ಜನರ ಉಳಿತಾಯ’ ಅಂದೆ. ಗುತ್ತಿಗೆಯವರು, ನವೀಕರಣ ಆಗಲಿಲ್ಲ.

ನಾಲ್ಕು ತಿಂಗಳಿಗೆ ಪಾಲಿಶ್ ಬದಲಾಯಿತು, ಹೊಳಪು ಬದಲಾಯಿತು, ಯಂತ್ರ ಒಳ್ಳೆಯದನ್ನೂ ಹೊರಗೆ ಹಾಕತೊಡಗಿತು. ಮತ್ತೆ ಗುರುತು ಹಾಕಲು ಅಲ್ಲಿ ಯಾರಿದ್ದರು?

ಯಂತ್ರ ಬೇಡ ಎನ್ನುತ್ತಿಲ್ಲ. ಎಂಟು ಗಂಟೆ ಹೊಳಪು ನೋಡಿದರೆ ಯಾವ ಕಣ್ಣಾದರೂ ಸೋಲುತ್ತದೆ. ಸ್ಪಷ್ಟವಾದದ್ದನ್ನು ಯಂತ್ರ ವಿಂಗಡಿಸಲಿ, ಅನುಮಾನದ್ದು ಅವರ ಮೇಜಿಗೆ ಬರಲಿ, ಸಂಬಳ ಪರಿಣತರ ದರದಲ್ಲಿ ಸಿಗಲಿ. ಈಗಿನ ಪ್ರಸ್ತಾವನೆಯಲ್ಲಿ ಅದನ್ನು ಉಳಿತಾಯದಿಂದ ತೆಗೆದು ಕಾಯಂ ಖರ್ಚಿಗೆ ಹಾಕಿದ್ದೆ. ಫೈನಾನ್ಸಿನವರು ಆ ಸಾಲಿಗೆ ಕೆಂಪು ಬಣ್ಣ ಬಳಿದು ವಾಪಸ್ ಕಳಿಸಿದ್ದಾರೆ. ಸೋಮವಾರ ಅದೇ ಸಾಲನ್ನು ಮತ್ತೆ ಕಳಿಸುತ್ತಿದ್ದೇನೆ.