ಮಗಳು ಕಥೆಗೆ ಸೇರಿಸದ ಪುಟಗಳು

ತಂದೆಯ ಬಾಳನ್ನು ಕುರಿತು ಬರೆಯಲು ಕುಳಿತ ಮಗಳು ಏನನ್ನು ಬರೆಯಬೇಕು, ಏನನ್ನು ಬರೆಯದೆ ಬಿಡಬೇಕು? ಮೇಲುನೋಟಕ್ಕೆ ಸುಲಭವಾಗಿ ತೋರುವ ಈ ಪ್ರಶ್ನೆ ಅಷ್ಟು ಸುಲಭದ್ದಲ್ಲವೆಂಬುದನ್ನು ನನಗೆ ಮನಗಾಣಿಸಿದವಳು ಅಮೆರಿಕದ ಲೇಖಕಿ ಲಾರಾ ಇಂಗಲ್ಸ್ ವೈಲ್ಡರ್. ತನ್ನ ತಂದೆತಾಯಿಗಳ ವಲಸೆಯ ಬದುಕನ್ನು ಆಕೆ ಮಕ್ಕಳಿಗಾಗಿ ಕಾದಂಬರಿಗಳ ಮಾಲೆಯಾಗಿ ಹೆಣೆದಳು. ಮೊದಲನೆಯದು ೧೯೩೨ರಲ್ಲಿ ಹೊರಬಂದಾಗ ಆಕೆಗೆ ೬೫ ವರ್ಷ. ಕಾಡಿನ ನಡುವಣ ಮರದ ಮನೆ, ಚಳಿಗಾಲದ ಇರುಳಲ್ಲಿ ಪಿಟೀಲು ನುಡಿಸುವ ಅಪ್ಪ, ಎಂಥ ಕಷ್ಟದಲ್ಲೂ ಧೃತಿಗೆಡದ ಅಮ್ಮ—ಇವರನ್ನು ಲೋಕದ ಮಕ್ಕಳೆಲ್ಲ ತಮ್ಮ ಮನೆಯವರೆಂಬಂತೆ ಪ್ರೀತಿಸಿದರು.

ಆ ಅಪ್ಪನ ಹೆಸರು ಚಾರ್ಲ್ಸ್ ಇಂಗಲ್ಸ್. ೧೮೩೬ರಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ಹುಟ್ಟಿದ ಆತ ಹುಡುಗನಾಗಿದ್ದಾಗಲೇ ಹೆತ್ತವರೊಡನೆ ಪಶ್ಚಿಮಕ್ಕೆ ನಡೆದವನು. ೧೮೬೦ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಆತನ ಕೈಹಿಡಿದ ಕ್ಯಾರೊಲೀನ್, ಮದುವೆಗೆ ಮುನ್ನ ಶಾಲೆಯ ಉಪಾಧ್ಯಾಯಿನಿಯಾಗಿದ್ದವಳು. ಮದುವೆಯಾದ ಎರಡು ವರ್ಷಕ್ಕೆ ಅಲ್ಲಿನ ಸರ್ಕಾರ ಹೋಮ್‌ಸ್ಟೆಡ್ ಕಾಯಿದೆಯನ್ನು ಜಾರಿಗೆ ತಂದಿತು. ಅಲ್ಪ ಶುಲ್ಕ ತೆತ್ತು, ಐದು ವರ್ಷ ಅಲ್ಲಿಯೇ ನೆಲೆಸಿ ಉತ್ತವನಿಗೆ ೧೬೦ ಎಕರೆ ಭೂಮಿ! ಭೂಮಿ ಧರ್ಮಕ್ಕೆ ಸಿಗುವುದೆಂದರೆ ಯಾರ ಕಾಲು ತಾನೆ ಮನೆಯಲ್ಲಿ ನಿಂತೀತು? ಆದರೆ ಆ ಭೂಮಿ ಮೊದಲು ಯಾರದಾಗಿತ್ತೆಂದು ಕೇಳಿದವರು ವಿರಳ. ಸ್ವತಃ ಚಾರ್ಲ್ಸ್ ೧೮೬೯ರಲ್ಲಿ ಕ್ಯಾನ್ಸಸ್‌ಗೆ ಹೋಗಿ ಮನೆ ಕಟ್ಟಿದ ನೆಲ ಇನ್ನೂ ಓಸೇಜ್ ಜನಾಂಗಕ್ಕೆ ಸೇರಿದ್ದು. ಆತನಿಗೆ ಅಲ್ಲಿ ಯಾವ ಹಕ್ಕೂ ಇರಲಿಲ್ಲ. ೧೮೭೧ರಲ್ಲಿ ಸಂಸಾರ ವಿಸ್ಕಾನ್ಸಿನ್‌ಗೆ ಹಿಂದಿರುಗಿತು.

೧೮೭೪ರಲ್ಲಿ ಮತ್ತೆ ಗಾಡಿ ಹೊರಟಿತು, ಮಿನ್ನೆಸೋಟಾದ ಗೋಧಿಯ ಬಯಲಿಗೆ. ಅಲ್ಲಿ ಕಾದಿದ್ದುದು ಮಿಡತೆಗಳ ಹಿಂಡು. ಸೂರ್ಯನನ್ನೇ ಮರೆಮಾಡುವಂತೆ ಆಕಾಶದಿಂದ ಇಳಿದ ಮಿಡತೆಗಳು ಪೈರನ್ನು ತಿಂದು, ಮುಂದಿನ ವರ್ಷಕ್ಕೆ ನೆಲದಲ್ಲಿ ಮೊಟ್ಟೆಯನ್ನೂ ಇಟ್ಟವು. ಸಾಲ ಮಾತ್ರ ಬೆಳೆಯಿತು. ಅಪ್ಪ ಕೊಯ್ಲಿನ ಕೂಲಿಯನ್ನರಸಿ ಪೂರ್ವದ ಸೀಮೆಗೆ ಕಾಲ್ನಡೆಯಲ್ಲಿ ಹೋದುದನ್ನು ಮಗಳು ಮನಮುಟ್ಟುವಂತೆ ಬರೆದಿದ್ದಾಳೆ.

ಬರೆಯದೆ ಬಿಟ್ಟದ್ದು ಅನಂತರದ ಸಂಗತಿ. ೧೮೭೫ರ ನವೆಂಬರ್ ತಿಂಗಳ ಕೊನೆಗೆ ಚಾರ್ಲ್ಸ್ ಇಂಗಲ್ಸ್ ಅಧಿಕಾರಿಗಳ ಮುಂದೆ ನಿಂತು, ತನ್ನ ಬಳಿ ಜೀವನಕ್ಕೆ ಏನೇನೂ ಇಲ್ಲವೆಂದು ಬರೆದ ಕಾಗದಕ್ಕೆ ಸಹಿ ಹಾಕಿದ. ಅದಕ್ಕೆ ಪ್ರತಿಯಾಗಿ ದೊರೆತದ್ದು ಎರಡು ಅರೆ ಪೀಪಾಯಿ ಹಿಟ್ಟು. ಆಗ ಮನೆಯಲ್ಲಿ ಮೂವರು ಹೆಣ್ಣುಮಕ್ಕಳು. ಅದೇ ತಿಂಗಳ ಮೊದಲ ದಿನ ಹುಟ್ಟಿದ ಗಂಡುಕೂಸು ಫ್ರೆಡ್ಡಿ. ಮರುವರ್ಷ ಊರು ಬಿಟ್ಟು ಅಯೋವಾದ ಬರ್ ಓಕ್ ಎಂಬ ಹಳ್ಳಿಗೆ ಹೋಗುವಾಗ, ಆಗಸ್ಟ್ ೨೭ರಂದು, ಆ ಕೂಸು ದಾರಿಯಲ್ಲೇ ತೀರಿಹೋಯಿತು. ಅವರಿಗೆ ಹುಟ್ಟಿದ ಒಬ್ಬನೇ ಮಗ. ಹತ್ತು ತಿಂಗಳೂ ತುಂಬಿರಲಿಲ್ಲ. ಬರ್ ಓಕ್‌ನಲ್ಲಿ ಇಡೀ ಸಂಸಾರ ಹೋಟೆಲಿನ ಚಾಕರಿ ಮಾಡಿತು. ಕಡೆಗೆ, ಬಾಡಿಗೆಯ ಬಾಕಿಯ ತಕರಾರಿನಿಂದ ನಡುರಾತ್ರಿ ಗಾಡಿ ಕಟ್ಟಿ ಅಲ್ಲಿಂದಲೂ ಹೊರಟಿತು. ಕಾದಂಬರಿಗಳಲ್ಲಿ ಹಿಟ್ಟಿನ ಕಾಗದವಿಲ್ಲ, ತಮ್ಮನಿಲ್ಲ, ಬರ್ ಓಕ್ ಎಂಬ ಊರೇ ಇಲ್ಲ!

೧೮೭೯ರಲ್ಲಿ ಹಿರಿಯ ಮಗಳು ಮೇರಿ ಕಾಯಿಲೆಯಿಂದ ಎರಡು ಕಣ್ಣನ್ನೂ ಕಳೆದುಕೊಂಡಳು. ಅದೇ ವರ್ಷ ಸಂಸಾರ ಡಕೋಟಾದ ಡಿ ಸ್ಮೆಟ್‌ಗೆ ಬಂದಿತು. ಇನ್ನೂ ಪಶ್ಚಿಮಕ್ಕೆ ಹೋಗಬೇಕೆಂಬ ಹಂಬಲ ಚಾರ್ಲ್ಸ್‌ಗಿತ್ತು. ಕ್ಯಾರೊಲೀನ್ ಮಾತ್ರ, ಮಕ್ಕಳ ವಿದ್ಯಾಭ್ಯಾಸ ನಡೆಯಬೇಕು, ಇಲ್ಲಿಂದ ಕದಲುವುದಿಲ್ಲವೆಂದು ಪಟ್ಟುಹಿಡಿದಳೆಂದು ಮಗಳ ಬರವಣಿಗೆಯಿಂದ ತಿಳಿಯುತ್ತದೆ. ಮರುವರ್ಷದ ಭೀಕರ ಚಳಿಗಾಲದಲ್ಲಿ ಹಿಮ ಬಿದ್ದು ರೈಲುಗಳು ನಿಂತವು. ಕಾಫಿ ಅರೆಯುವ ಯಂತ್ರದಲ್ಲಿ ಗೋಧಿ ಬೀಸಿ, ಒಣಹುಲ್ಲನ್ನು ಹೊಸೆದು ಉರುವಲು ಮಾಡಿ ಜೀವ ಉಳಿಸಿಕೊಂಡರು. ಆ ಚಳಿಗಾಲ ಕಳೆದ ವರ್ಷವೇ, ೧೮೮೧ರಲ್ಲಿ, ಮೇರಿ ಅಯೋವಾದ ವಿಂಟನ್‌ನಲ್ಲಿದ್ದ ಅಂಧರ ಕಾಲೇಜಿಗೆ ಸೇರಿದಳು. ಶಾಲೆಯ ಶುಲ್ಕವನ್ನು ಡಕೋಟಾದ ಸರ್ಕಾರ ವಹಿಸಿತು. ಬಟ್ಟೆಬರೆ, ಪ್ರಯಾಣದ ವೆಚ್ಚ ಮನೆಯವರದು. ಹದಿಹರೆಯದಲ್ಲೇ ಲಾರಾ ಉಪಾಧ್ಯಾಯಿನಿಯಾಗಿ ಸಂಬಳ ತಂದಳು.

ಇನ್ನು ಆ ೧೬೦ ಎಕರೆ? ಐದು ವರ್ಷದ ನಿಯಮ ಪೂರೈಸಿ ಪಡೆದ ಆ ಭೂಮಿಯನ್ನು ಚಾರ್ಲ್ಸ್ ೧೮೯೨ರಲ್ಲಿ ಮಾರಿದ. ಊರೊಳಗೆ ತಾನೇ ಕಟ್ಟಿದ ಮನೆಯಲ್ಲಿ ಬಾಳಿ ೧೯೦೨ರಲ್ಲಿ ಕಣ್ಣುಮುಚ್ಚಿದ. ಗಾಡಿಯಲ್ಲಿ ಅಲೆದು ಗಳಿಸಿದ ನೆಲ ಹೀಗೆ ಕೈಬಿಟ್ಟಿತು. ಮಕ್ಕಳಿಗೆ ಕೊಡಿಸಿದ ವಿದ್ಯೆ ಕೈಬಿಡಲಿಲ್ಲ.

ಹಾಗಾದರೆ ಮಗಳು ಸತ್ಯವನ್ನು ಮರೆಮಾಚಿದಳೇ? ಪೂರ್ತಿ ಹಾಗೆನ್ನಲಾಗದು. ಕಾದಂಬರಿಗಳಿಗೆ ಮೊದಲು, ೧೯೩೦ರ ಸುಮಾರಿನಲ್ಲಿ, ಆಕೆ ಆತ್ಮಕಥೆಯೊಂದನ್ನು ಬರೆದಿದ್ದಳು. ತಮ್ಮನ ಸಾವೂ ನಡುರಾತ್ರಿಯ ಪಯಣವೂ ಅದರಲ್ಲಿವೆ. ಪ್ರಕಾಶಕರು ಅದನ್ನು ಒಪ್ಪಲಿಲ್ಲ. ಅದು ಅಚ್ಚಾದದ್ದು ೨೦೧೪ರಲ್ಲಿ, ಆಕೆ ತೀರಿ ೫೭ ವರ್ಷಗಳಾದ ಮೇಲೆ. ಮಕ್ಕಳ ಕೈಗೆ ಕೊಡುವ ಕಥೆಯಿಂದ ಆ ನೋವನ್ನು ಆಕೆ ದೂರವಿಟ್ಟಳು. ಅದು ಪ್ರೀತಿ, ನಿಜ. ಆದರೆ ಅದರಿಂದ ಒಂದು ತಪ್ಪು ಕಲ್ಪನೆಯೂ ಬೆಳೆಯಿತು: ಆ ಕಾಲದ ಒಕ್ಕಲಿಗ ಯಾರ ನೆರವೂ ಇಲ್ಲದೆ, ಕೇವಲ ತೋಳ್ಬಲದಿಂದ ನಿಂತನೆಂದು. ಭೂಮಿ ಸರ್ಕಾರ ಕೊಟ್ಟದ್ದು, ಅದೂ ಇನ್ನೊಬ್ಬರಿಂದ ಕಿತ್ತದ್ದು. ಬರಗಾಲದಲ್ಲಿ ಹಿಟ್ಟು ಕೊಟ್ಟದ್ದೂ ಸರ್ಕಾರವೇ.

ಪಿಟೀಲು ನುಡಿಸುವ ಅಪ್ಪನನ್ನು ಪ್ರೀತಿಸುವುದು ಸುಲಭ. ನನಗೆ ಮಾತ್ರ ಅದಕ್ಕಿಂತ ದೊಡ್ಡವನಾಗಿ ತೋರುವವನು, ಬಾಣಂತಿ ಹೆಂಡತಿಯನ್ನೂ ಮಕ್ಕಳನ್ನೂ ನೆನೆದು, ಮಾನವನ್ನು ಬದಿಗಿಟ್ಟು ಆ ಕಾಗದಕ್ಕೆ ಸಹಿ ಹಾಕಿದ ಅಪ್ಪ. ಚಾರ್ಲ್ಸ್‌ನ ವಂಶ ಇಂದು ಉಳಿದಿಲ್ಲ. ಮೊಮ್ಮಗಳು ರೋಸ್ ೧೯೬೮ರಲ್ಲಿ ತೀರಿಕೊಳ್ಳುವುದರೊಡನೆ ಅದು ಮುಗಿಯಿತು. ಆತನ ಪಿಟೀಲು ಮಿಸ್ಸೂರಿಯ ಮ್ಯಾನ್ಸ್‌ಫೀಲ್ಡ್‌ನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಪಕ್ಕದಲ್ಲಿ ಆ ಹಿಟ್ಟಿನ ಕಾಗದವನ್ನೂ ಇರಿಸಿದರೆ, ಓದುಗರೆ, ಅಪ್ಪನ ಮರ್ಯಾದೆಗೆ ಏನೂ ಕುಂದಾಗದು.