ಪಕ್ಷ ಬದಲಿಸೋದು ಬೇರೆ, ಪಕ್ಷಕ್ಕೆ 'ಇಲ್ಲ' ಅನ್ನೋದು ಬೇರೆ (ಭಾಗ 7)

ರೆಸಾರ್ಟ್ ಬಸ್ಸು ನೋಡಿ ನೋಡಿ ನಮಗೆಲ್ಲ ಒಂದು ಅಭ್ಯಾಸ ಆಗ್ಬಿಟ್ಟಿದೆ. ಯಾರಾದ್ರೂ ಪಕ್ಷದ ಮಾತು ಮೀರಿದ್ರೆ ಸಾಕು, "ಎಷ್ಟಕ್ಕೆ ಡೀಲ್ ಆಯ್ತು?" ಅಂತೀವಿ. ನಾನೂ ಹಾಗೇ ಅಂತಿದ್ದೆ, ಜಾರ್ಜ್ ನಾರಿಸ್ ಬಗ್ಗೆ ಓದೋವರೆಗೂ.

1861ರಲ್ಲಿ ಅಮೆರಿಕದ ಓಹಾಯೋದಲ್ಲಿ, ರೈತರ ಮನೆಯಲ್ಲಿ ಹುಟ್ಟಿದವರು. ನೆಬ್ರಾಸ್ಕಾದಲ್ಲಿ ವಕೀಲ, ಆಮೇಲೆ ಜಡ್ಜ್. 1903ರಿಂದ ಹತ್ತು ವರ್ಷ ಕೆಳಮನೆ, ನಂತರ ಮೂವತ್ತು ವರ್ಷ ಸೆನೆಟ್. 1936ರವರೆಗೆ ಪಕ್ಷ ರಿಪಬ್ಲಿಕನ್, ಆಮೇಲೆ ಸ್ವತಂತ್ರ.

ಯಾವ ಬಿಲ್ ಚರ್ಚೆಗೆ ಬರಬೇಕು ಅನ್ನೋದು ಆಗ ಸ್ಪೀಕರ್ ಕ್ಯಾನನ್ ಕೈಯಲ್ಲಿತ್ತು. ಅವರೂ ರಿಪಬ್ಲಿಕನ್ನೇ. 1910ರಲ್ಲಿ ನಾರಿಸ್ ನಿರ್ಣಯ ಮಂಡಿಸಿ, ಅವರನ್ನ ರೂಲ್ಸ್ ಕಮಿಟಿಯಿಂದಲೇ ಹೊರಗಿಟ್ಟರು.

1917ರಲ್ಲಿ ಹಡಗುಗಳಿಗೆ ಶಸ್ತ್ರ ಕೊಡೋ ಬಿಲ್ ತಡೆದಾಗ ದೇಶದ್ರೋಹಿ ಅನ್ನಿಸಿಕೊಂಡರು. ಓಡಿಹೋಗಲಿಲ್ಲ. ಲಿಂಕನ್ ನಗರಕ್ಕೆ ಬಂದು, ಸಭೆ ಕರೆದು, ಯಾಕೆ ಹೀಗೆ ಮಾಡಿದೆ ಅಂತ ಜನರಿಗೇ ವಿವರಿಸಿದರು. ಮುಂದಿನ ತಿಂಗಳು ಯುದ್ಧ ಬೇಡ ಅಂತ ವೋಟು ಹಾಕಿದ ಆರೇ ಸೆನೆಟರ್‌ಗಳಲ್ಲಿ ಇವರೂ ಒಬ್ಬರು. ಬೇಕು ಅಂದವರು 82! ಆದರೂ 1918ರಲ್ಲಿ ಜನ ಮತ್ತೆ ಗೆಲ್ಲಿಸಿದರು.

ಬರೀ ಹಠಮಾರಿ ಅಲ್ಲ. "ಯೂನಿಯನ್ ಸೇರಲ್ಲ ಅಂತ ಸಹಿ ಹಾಕು, ಆಗ ಕೆಲಸ" ಅನ್ನೋ ಕರಾರುಗಳನ್ನ ಫೆಡರಲ್ ಕೋರ್ಟಿನಲ್ಲಿ ನಡೆಯದ ಹಾಗೆ ಮಾಡಿದ್ದು 1932ರ ನಾರಿಸ್-ಲಾಗಾರ್ಡಿಯಾ ಕಾಯ್ದೆ. (ಬಿಕಾಂನವರೇ, ಕಾಂಟ್ರಾಕ್ಟ್ ಆಕ್ಟ್ ಕ್ಲಾಸ್ ನೆನಪಾಯ್ತಾ?) ಟೆನೆಸಿ ನದಿಯ ವಿದ್ಯುತ್ ಜನರ ಕೈಯಲ್ಲಿರಲಿ ಅಂತ ತಂದ ಬಿಲ್‌ಗಳನ್ನ ಇವರದೇ ಪಕ್ಷದ ಇಬ್ಬರು ಅಧ್ಯಕ್ಷರು ತಡೆದರು. 1933ರಲ್ಲಿ ಅದೇ ಟೆನೆಸಿ ವ್ಯಾಲಿ ಅಥಾರಿಟಿ ಆಯ್ತು. ನಮ್ಮ ದಾಮೋದರ್ ವ್ಯಾಲಿ ಕಾರ್ಪೊರೇಷನ್‌ಗೆ ಅದೇ ಮಾದರಿ.

ಈಗ ನನ್ನ ವಾದ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾನೂನಿನ ಪ್ರಕಾರ, ವಿಪ್ ಮೀರಿ ವೋಟು ಹಾಕಿದ್ರೆ ಸೀಟು ಹೋಗಬಹುದು. ಉದ್ದೇಶ ಒಳ್ಳೇದೇ. ಆದರೆ ಮಾರಾಟ ಆಗೋರು ರಾಜೀನಾಮೆ ಕೊಟ್ಟು ಬೇರೆ ದಾರಿ ಹುಡುಕ್ತಾರೆ. ಸಿಕ್ಕಿಬೀಳೋದು "ಈ ಬಿಲ್ ತಪ್ಪು" ಅಂತ ನಿಜವಾಗ್ಲೂ ನಂಬಿದವನು. ಸರ್ಕಾರ ಉಳಿಯೋ-ಬೀಳೋ ವೋಟಿಗೆ ವಿಪ್ ಇರಲಿ. ಉಳಿದ ಬಿಲ್‌ಗಳಿಗೆ ಯಾಕೆ?

"ಹಾಗಾದ್ರೆ ಪ್ರತಿ ಬಿಲ್‌ಗೂ ವ್ಯಾಪಾರ ಶುರುವಾಗುತ್ತೆ" ಅಂತೀರಾ? ಆ ಭಯ ನನಗೂ ಇದೆ. ಅದಕ್ಕೇ ನಾರಿಸ್ ಅಳತೆಗೋಲು ಇಟ್ಕೊಳ್ಳೋಣ: ವೋಟು ಹಾಕಿದ ಮೇಲೆ ಅವನು ಎಲ್ಲಿಗೆ ಹೋದ? ರೆಸಾರ್ಟಿಗಾ, ಕ್ಷೇತ್ರಕ್ಕಾ?

1942ರಲ್ಲಿ ನಾರಿಸ್ ಸೋತರು. ಪರವಾಗಿಲ್ಲ. ಸೋಲಿಸೋ ಹಕ್ಕು ಜನರದ್ದು, ವಿಪ್‌ನದ್ದಲ್ಲ.

ನಿಮ್ಮ ಎಮ್ಮೆಲ್ಲೆ ಯಾವತ್ತಾದ್ರೂ ಸ್ವಂತ ಪಕ್ಷಕ್ಕೆ 'ಇಲ್ಲ' ಅಂದಿದ್ದಾರಾ? ಕಾಮೆಂಟಲ್ಲಿ ಹೇಳಿ.