ಹಾರ್ಮೋನಿಯಂ ಮಾಡಿದ ಅಪರಾಧವೇನು?

ಇತ್ತೀಚೆಗೆ ಒಂದು ಪ್ರೌಢಶಾಲೆಯ ವಾರ್ಷಿಕೋತ್ಸವದಲ್ಲಿ ಕುಳಿತು ಮಕ್ಕಳ ರಸಪ್ರಶ್ನೆ ಸ್ಪರ್ಧೆಯನ್ನು ನೋಡುವ ಪ್ರಸಂಗ ಬಂದಿತು. ಸಂಗೀತದ ಸರದಿ ನಡೆಯುತ್ತಿತ್ತು. ಸ್ಯಾಕ್ಸೋಫೋನನ್ನು ರೂಪಿಸಿದವರು ಯಾರು? ಪಿಟೀಲಿಗೆ ಏಳು ತಂತಿಗಳನ್ನು ಬಿಗಿದ ಕನ್ನಡಿಗರು ಯಾರು? ನಮ್ಮ ದೇಶದ ರೇಡಿಯೋ ಹಾರ್ಮೋನಿಯಂ ವಾದ್ಯವನ್ನು ಬಹಿಷ್ಕರಿಸಿದ ವರ್ಷ ಯಾವುದು? ಕೊನೆಯ ಪ್ರಶ್ನೆಗೆ ಒಬ್ಬ ಹುಡುಗಿ ಕ್ಷಣವೂ ತಡೆಯದೆ "1940" ಎಂದಳು. ಚಪ್ಪಾಳೆಯಾಯಿತು, ಹತ್ತು ಅಂಕಗಳು ಬಂದವು, ಸಭೆ ಮುಂದಿನ ಪ್ರಶ್ನೆಗೆ ನಡೆಯಿತು. ಒಂದು ಮರದ ಪೆಟ್ಟಿಗೆಯನ್ನು ಸರಕಾರವೇಕೆ ಬಹಿಷ್ಕರಿಸಬೇಕಾಯಿತು ಎಂದು ಆ ಮಕ್ಕಳಲ್ಲಿ ಯಾರೂ ಕೇಳಲಿಲ್ಲ. ಕೇಳುವಷ್ಟು ಅವಕಾಶವನ್ನು ಹಿರಿಯರಾದ ನಾವೂ ಕೊಡಲಿಲ್ಲ.

ಚಿಲ್ಲರೆ ಸಂಗತಿಗಳನ್ನು ನಾನು ಹಳಿಯುವವನಲ್ಲ. ಚಿಲ್ಲರೆ ಕೈಯಲ್ಲಿದ್ದರೇ ಸಂತೆಯಲ್ಲಿ ವ್ಯಾಪಾರ. ಆದರೆ ಚಿಲ್ಲರೆಯನ್ನು ಎಣಿಸುತ್ತಲೇ ಕುಳಿತವನು ಸಂತೆಯನ್ನು ಕಾಣಲಾರ. ಆ ಹುಡುಗಿ ಹೇಳಿದ ನಾಲ್ಕು ಅಂಕೆಗಳ ಹಿಂದೆ, ಸಂಗೀತದಲ್ಲಿ ಆಸಕ್ತಿಯುಳ್ಳವರೆಲ್ಲ ಒಮ್ಮೆಯಾದರೂ ಯೋಚಿಸಬೇಕಾದ ವಿವಾದವೊಂದು ಅಡಗಿದೆ.

ಮೊದಲು ಆರೋಪಿಯ ಪೂರ್ವವೃತ್ತಾಂತ. ಹಾರ್ಮೋನಿಯಮ್ಮಿನ ಜೀವ ಇರುವುದು ಲೋಹದ ತೆಳುವಾದ ನಾಲಿಗೆಗಳಲ್ಲಿ. ತಿದಿಯಿಂದ ಹೊರಟ ಗಾಳಿ ನಾಲಿಗೆಯನ್ನು ಕಂಪಿಸುತ್ತದೆ, ಕಂಪನವೇ ಸ್ವರವಾಗುತ್ತದೆ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬ ಕುಶಲಿ ಈ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದದ್ದು 1840ರ ದಶಕದಲ್ಲಿ. ಅದು ಕುರ್ಚಿಯ ಮೇಲೆ ಕುಳಿತು, ಕಾಲಿನಿಂದ ತಿದಿಯನ್ನು ತುಳಿದು, ಎರಡು ಕೈಗಳಿಂದಲೂ ನುಡಿಸುವ ವಾದ್ಯ. ಪಾದ್ರಿಗಳ ಜೊತೆಗೂ ಅಧಿಕಾರಿಗಳ ಸಾಮಾನಿನ ಜೊತೆಗೂ ಅದು ನಮ್ಮ ದೇಶಕ್ಕೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಲ್ಕತ್ತೆಯ ಡ್ವಾರ್ಕಿನ್ ಸಂಸ್ಥೆಯ ದ್ವಾರಕಾನಾಥ ಘೋಷರು ಅದರ ಕಾಲುಗಳನ್ನು ತೆಗೆದು, ತಿದಿಯನ್ನು ಬೆನ್ನಿಗಿಟ್ಟು, ಚಾಪೆಯ ಮೇಲೆ ಕುಳಿತವನ ಮುಂದೆ ಇಡಬಹುದಾದ ಪೆಟ್ಟಿಗೆಯನ್ನಾಗಿ ಮಾಡಿದರೆಂದು ಪ್ರಸಿದ್ಧಿ. ಒಂದು ಕೈ ತಿದಿಗೆ, ಒಂದು ಕೈ ಸ್ವರಕ್ಕೆ. ನಮ್ಮ ಸಂಗೀತಕ್ಕೆ ಏಕಕಾಲದಲ್ಲಿ ಹಲವು ಸ್ವರಗಳ ಮೇಳ ಬೇಕಿಲ್ಲವಾದುದರಿಂದ ಒಂದೇ ಕೈ ಸಾಕಾಯಿತು. ವಿದೇಶೀಯನು ಪಾದರಕ್ಷೆ ಬಿಚ್ಚಿ, ಚಕ್ಕಂಬಟ್ಟಲೆ ಹಾಕಿ, ಪಂಕ್ತಿಯಲ್ಲಿ ಕುಳಿತ ಹಾಗಾಯಿತು.

ಸ್ವಾರಸ್ಯವೆಂದರೆ, ಇಂತಹ ನಾಲಿಗೆಯಿಂದ ನಾದ ಹೊರಡಿಸುವ ವಿದ್ಯೆ ಮೂಲತಃ ಯೂರೋಪಿನದೇ ಅಲ್ಲ. ಬಾಯಿಂದ ಊದುವ, ಬಿದಿರು ಕೊಳವೆಗಳ ಶೆಂಗ್ ಎಂಬ ವಾದ್ಯ ಚೀನಾ ದೇಶದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇದೆ. ಹೀಗಿರುವಲ್ಲಿ ಯಾವ ವಾದ್ಯದ ಕುಲಗೋತ್ರವನ್ನು ಎಲ್ಲಿಯವರೆಗೆ ಕೆದಕುವುದು?

ಇನ್ನು ಆರೋಪ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಸಂಗೀತದಲ್ಲಿ ಸ್ವರವೆಂಬುದು ನಿಂತ ಕಂಬವಲ್ಲ, ಹರಿಯುವ ನೀರು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗುವ ಗಮಕ, ಇವೇ ರಾಗದ ಪ್ರಾಣ. ಹಾರ್ಮೋನಿಯಮ್ಮಿನಲ್ಲಿ ಒಂದು ಮನೆಗೂ ಮುಂದಿನ ಮನೆಗೂ ನಡುವೆ ದಾರಿಯೇ ಇಲ್ಲ, ಗೋಡೆಯಿದೆ. ಎರಡನೆಯದಾಗಿ, ಅದರ ಶ್ರುತಿ. ಷಡ್ಜಕ್ಕೆ ಸೆಕೆಂಡಿಗೆ 240 ಕಂಪನಗಳೆಂದಿಟ್ಟುಕೊಂಡರೆ, ತಂಬೂರಿಯ ನಾದದೊಳಗಿಂದ ತಾನಾಗಿ ಮೂಡಿಬರುವ ಅಂತರಗಾಂಧಾರಕ್ಕೆ 300 ಕಂಪನಗಳು. ಆದರೆ ಪಾಶ್ಚಾತ್ಯರು ತಮ್ಮ ಮೇಳಸಂಗೀತದ ಅನುಕೂಲಕ್ಕಾಗಿ ಸ್ಥಾಯಿಯನ್ನು ಹನ್ನೆರಡು ಸಮಭಾಗಗಳಾಗಿ ಹಂಚಿಕೊಂಡಿರುವುದರಿಂದ, ಹಾರ್ಮೋನಿಯಮ್ಮಿನ ಅದೇ ಗಾಂಧಾರಕ್ಕೆ 302ಕ್ಕಿಂತ ತುಸು ಹೆಚ್ಚು. ಎರಡು ಕಂಪನಗಳ ವ್ಯತ್ಯಾಸ ಯಾವ ಲೆಕ್ಕ ಎನ್ನಬಹುದು. ತಂಬೂರಿಯ ಪಕ್ಕದಲ್ಲಿ ಕುಳಿತು ಕೇಳಿದವರಿಗೆ ಅದು ಅನ್ನದಲ್ಲಿ ಸಿಕ್ಕಿದ ಕಲ್ಲು.

ಈ ಆರೋಪವನ್ನು ಹೊರಿಸಿದವರು ಸಾಮಾನ್ಯರಲ್ಲ. ಆನಂದ ಕುಮಾರಸ್ವಾಮಿಯವರಿಗೆ ಈ ವಾದ್ಯ ಸೇರುತ್ತಿರಲಿಲ್ಲ. ರವೀಂದ್ರನಾಥ ಠಾಕೂರರು ಅದನ್ನು ಶಾಂತಿನಿಕೇತನದಿಂದ ಹೊರಗಿಟ್ಟಿದ್ದರು. 1940ರ ಜನವರಿಯಲ್ಲಿ ಕಲ್ಕತ್ತೆಯ ರೇಡಿಯೋ ನಿಲಯಕ್ಕೂ ಪತ್ರ ಬರೆದು ತಮ್ಮ ವಿರೋಧವನ್ನು ತಿಳಿಸಿದರು. ದಿಲ್ಲಿಯ ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥರಾಗಿದ್ದ ಜಾನ್ ಫೌಲ್ಡ್ಸ್ ಎಂಬ ಆಂಗ್ಲ ಸಂಗೀತರಚನಕಾರರು 1938ರಲ್ಲಿ ಒಂದು ಲೇಖನ ಬರೆದು, ವಾದ್ಯದ ಹೆಸರನ್ನೇ ತುಂಡರಿಸಿ ಶೀರ್ಷಿಕೆಯನ್ನಾಗಿ ಮಾಡಿದರು. ಹಾಗೆ ತುಂಡರಿಸಿದರೆ ಅದರ ಮೊದಲ ಭಾಗಕ್ಕೆ ಇಂಗ್ಲಿಷಿನಲ್ಲಿ 'ಹಾನಿ' ಎಂದರ್ಥ. 1940ರ ಮಾರ್ಚ್ ತಿಂಗಳಿನಿಂದ ಹಾರ್ಮೋನಿಯಮ್ಮಿಗೆ ರೇಡಿಯೋ ನಿಲಯಗಳ ಬಾಗಿಲು ಮುಚ್ಚಿತು. ಯೂರೋಪಿನಲ್ಲಿ ಹುಟ್ಟಿದ ವಾದ್ಯವನ್ನು, ಭಾರತೀಯ ಸಂಗೀತದ ಶುದ್ಧಿಗಾಗಿ, ಆಂಗ್ಲ ಅಧಿಕಾರಿಗಳೇ ಹೊರಗಟ್ಟಿದರು. ಸ್ವತಂತ್ರ ಭಾರತದ ಅಧಿಕಾರಿಗಳು ಆ ಅಪ್ಪಣೆಯನ್ನು ಎರಡು ದಶಕಗಳಿಗೂ ಹೆಚ್ಚು ಕಾಲ ಕಾಪಾಡಿಕೊಂಡು ಬಂದರು. ಚರಿತ್ರೆಗೂ ವಿನೋದಬುದ್ಧಿ ಇದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ರೇಡಿಯೋ ನಿಲಯದ ಗೋಡೆಯಾಚೆ ಏನು ನಡೆದಿತ್ತು? ಅಲ್ಲಿ ಹಾರ್ಮೋನಿಯಂ ಆಗಲೇ ರಾಜ್ಯವಾಳುತ್ತಿತ್ತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಂತಹ ನಾಟಕಮಂಡಲಿಗಳಲ್ಲಿ ರಂಗದ ಮುಂದೆ ಕುಳಿತ ಹಾರ್ಮೋನಿಯಂ ಮೇಷ್ಟರೇ ಸಂಗೀತದ ಸೂತ್ರಧಾರರು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ಪ್ರೇಕ್ಷಕನಿಗೂ ಕೇಳಿಸುವಷ್ಟು ಗಟ್ಟಿ ಕಂಠ, ಎತ್ತಿನ ಗಾಡಿಯಲ್ಲಿ ಊರೂರು ಅಲೆದರೂ ಬೇಗ ಕೆಡದ ಶ್ರುತಿ, ಕೆಲವು ತಿಂಗಳ ಅಭ್ಯಾಸಕ್ಕೇ ಒಂದು ಪದ ನುಡಿಸಲು ಬರುವ ಸೌಲಭ್ಯ: ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿದ್ದವು. ಸುಗ್ಗಿ ಮುಗಿದ ಮೇಲೆ ಹಳ್ಳಿಗೆ ಬಂದಿಳಿದು, ಅಕ್ಷರ ಬಾರದ ರೈತನಿಗೂ ಭೀಮನ ಪಾತ್ರದ ಕಂದಪದ್ಯಗಳನ್ನು ರಾಗವಾಗಿ ಹಾಡಲು ಕಲಿಸಿದವರು ಈ ಮೇಷ್ಟರುಗಳು. ವೀಣೆಯೂ ಸಾರಂಗಿಯೂ ಆ ಜಗುಲಿಯನ್ನು ಹತ್ತಿದ್ದು ಎಷ್ಟು ಸಲ? ಸಂಗೀತ ಕೆಲವೇ ಮನೆಗಳ ಸ್ವತ್ತಾಗಿದ್ದ ಕಾಲದಲ್ಲಿ ಅದನ್ನು ಭಜನೆಯ ಮಂದಿರಕ್ಕೂ ಶಾಲೆಯ ಪ್ರಾರ್ಥನೆಗೂ ಹೊತ್ತು ತಂದದ್ದು ಈ ಪೆಟ್ಟಿಗೆ. ಎರಡು ಕಂಪನಗಳ ದೋಷವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇದನ್ನೂ ಇಡಬೇಡವೆ?

ಅಪ್ಪಣೆಯಿಂದ ಅಭಿರುಚಿ ಹುಟ್ಟುವುದಿಲ್ಲವೆಂಬುದಕ್ಕೆ ಅದೇ ರೇಡಿಯೋದ ಮತ್ತೊಂದು ಪ್ರಸಂಗವನ್ನು ನೆನೆಯಬಹುದು. 1952ರಲ್ಲಿ ಬಿ. ವಿ. ಕೇಸ್ಕರರು ಪ್ರಸಾರಖಾತೆಯ ಸಚಿವರಾದ ಮೇಲೆ ಚಲನಚಿತ್ರಗೀತೆಗಳು ರೇಡಿಯೋದಿಂದ ಬಹುಮಟ್ಟಿಗೆ ಮರೆಯಾದವು. ಜನರ ಕಿವಿಯನ್ನು ಶಾಸ್ತ್ರೀಯ ಸಂಗೀತಕ್ಕೆ ತಿರುಗಿಸಬೇಕೆಂಬುದು ಅವರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಜನ ತಿರುಗಿಸಿದ್ದು ರೇಡಿಯೋದ ಮುಳ್ಳನ್ನು. ಸಮುದ್ರದಾಚೆಯ ರೇಡಿಯೋ ಸಿಲೋನಿನಲ್ಲಿ ಅದೇ ವರ್ಷ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಆರಂಭವಾಗಿ ಮನೆಮನೆಯ ಮಾತಾಯಿತು. ಕೊನೆಗೆ 1957ರ ಅಕ್ಟೋಬರಿನಲ್ಲಿ ಸರಕಾರವೇ ವಿವಿಧಭಾರತಿಯನ್ನು ಆರಂಭಿಸಿ, ಮುಚ್ಚಿದ ಕದವನ್ನು ತಾನೇ ತೆರೆಯಬೇಕಾಯಿತು.

ಹಾರ್ಮೋನಿಯಮ್ಮಿನ ಆರೋಪಕ್ಕೆ ನಿಜವಾದ ಉತ್ತರ ಕೊಟ್ಟವರು ವಾದಿಗಳಲ್ಲ, ವಾದಕರು. ಬೆಳಗಾವಿಯ ಪಂಡಿತ ಆರ್. ಕೆ. ಬಿಜಾಪುರೆಯವರನ್ನು (1917-2010) ಕೇಳಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹಾರ್ಮೋನಿಯಮ್ಮಿನಲ್ಲಿ ಮೀಂಡ್ ಇಲ್ಲ. ಅದನ್ನು ಇದೆಯೆಂದು ನಟಿಸಹೋದರೆ ನಗೆಪಾಟಲು. ಉತ್ತಮ ವಾದಕನು ಹಾಗೆ ಮಾಡುವುದಿಲ್ಲ. ಪಕ್ಕದ ಸ್ವರವನ್ನು ಸೋಕಿಯೂ ಸೋಕದ ಹಾಗೆ ಮುಟ್ಟಿ ಬರುತ್ತಾನೆ. ತಿದಿಯ ಉಸಿರನ್ನು ಹಿಡಿದು ಬಿಟ್ಟು ಸ್ವರಕ್ಕೆ ಏರಿಳಿತ ಕೊಡುತ್ತಾನೆ. ಗಾಯಕ ಜಾರುವಲ್ಲಿ ತಾನು ಮೌನವಾಗಿ, ಆತ ನಿಲ್ಲುವಲ್ಲಿ ಆಸರೆಯಾಗುತ್ತಾನೆ. ತನ್ನ ಒಂದೇ ಶ್ರುತಿಗೆ ಹೊಂದುವಂತೆ ಲೋಹದ ನಾಲಿಗೆಗಳನ್ನು ಕೆರೆಸಿ ಗಾಂಧಾರವನ್ನು ಸರಿಪಡಿಸಿಕೊಳ್ಳುವವರೂ ಉಂಟು. ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ ಅವರಂತಹ ಮಹಾಗಾಯಕರು ಕಛೇರಿಯಲ್ಲಿ ಹಾರ್ಮೋನಿಯಂ ಸಾಥಿಯನ್ನು ಇಟ್ಟುಕೊಂಡು ಹಾಡಿದರು. ಅವರ ಕಿವಿ ನಮ್ಮ ಕಿವಿಗಿಂತ ಮಂದವಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? 1970ರಲ್ಲಿ ಈ ವಿಷಯವಾಗಿ ಆಕಾಶವಾಣಿಯೇ ವಿಚಾರಸಂಕಿರಣ ನಡೆಸಿ, 1971ರಲ್ಲಿ ನಿಷೇಧವನ್ನು ಭಾಗಶಃ ಸಡಿಲಿಸಿತು. 'ಆಕಾಶವಾಣಿ' ಎಂಬ ಹೆಸರು 1935ರಲ್ಲಿ ಮೈಸೂರಿನಲ್ಲಿ ಸ್ವಂತ ಪ್ರಸಾರಕೇಂದ್ರ ತೆರೆದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಕೇಂದ್ರದಿಂದ ಬಂದುದೆಂಬುದು ರಸಪ್ರಶ್ನೆಯ ಮಕ್ಕಳಿಗೆ ಇನ್ನೊಂದು ಹತ್ತು ಅಂಕ.

ಇಷ್ಟು ಹೇಳಿ ಎದುರುಪಕ್ಷದ ಒಂದು ಮಾತನ್ನು ಮುಚ್ಚಿಟ್ಟರೆ ಅನ್ಯಾಯವಾದೀತು. ಹಾರ್ಮೋನಿಯಂ ಕುಳಿತ ಜಾಗ ಬರಿದಾಗಿರಲಿಲ್ಲ. ಅಲ್ಲಿ ಸಾರಂಗಿ ಇತ್ತು. ಮನುಷ್ಯನ ಕಂಠಕ್ಕೆ ಅದಕ್ಕಿಂತ ಸಮೀಪವಾದ ವಾದ್ಯ ಹಿಂದೂಸ್ಥಾನಿ ಸಂಗೀತದಲ್ಲಿ ಬೇರೊಂದಿಲ್ಲ. ಕಲಿಯಲು ಅದಕ್ಕಿಂತ ಕಠಿನವಾದುದೂ ವಿರಳ. ಸುಲಭವಾದದ್ದು ಬಂದಾಗ ಕಠಿನವಾದದ್ದು ಮೂಲೆ ಸೇರುವುದು ಲೋಕರೂಢಿ. ರೇಡಿಯೋ ನಿಲಯಗಳು ಸಾರಂಗಿ ವಾದಕರಿಗೆ ಸಂಬಳದ ನೌಕರಿ ಕೊಟ್ಟು ಎಷ್ಟೋ ಮನೆತನಗಳ ವಿದ್ಯೆಯನ್ನು ಉಳಿಸಿದವು. ಸಾರಂಗಿಯನ್ನು ಪಕ್ಕವಾದ್ಯದ ಚಾಪೆಯಿಂದ ಎಬ್ಬಿಸಿ ಸ್ವತಂತ್ರ ಕಛೇರಿಯ ಪೀಠಕ್ಕೇರಿಸಿದ ರಾಮನಾರಾಯಣರು (1927-2024) 1940ರ ದಶಕದಲ್ಲಿ ಲಾಹೋರಿನ ರೇಡಿಯೋ ನಿಲಯದಲ್ಲಿ ಕೆಲಸಕ್ಕಿದ್ದವರು. ಆದರೆ ಸಾರಂಗಿ ಉಳಿದದ್ದು ಅದಕ್ಕೆ ಅನ್ನವಿಟ್ಟದ್ದರಿಂದ, ಹಾರ್ಮೋನಿಯಮ್ಮಿಗೆ ಕದವಿಕ್ಕಿದ್ದರಿಂದಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದದ್ದೇ ಅಂದಿನ ತಪ್ಪು.

ವಾದವಿನ್ನೂ ಮುಗಿದಿಲ್ಲ. 2022ರಲ್ಲಿ ಸಿಖ್ಖರ ಅಕಾಲ್ ತಖ್ತ್, ಅಮೃತಸರದ ಸ್ವರ್ಣಮಂದಿರದ ಕೀರ್ತನೆಯಿಂದ ಹಾರ್ಮೋನಿಯಮ್ಮನ್ನು ಮೂರು ವರ್ಷಗಳಲ್ಲಿ ಹಂತಹಂತವಾಗಿ ತೆಗೆದು, ಗುರುಗಳ ಕಾಲದ ತಂತಿವಾದ್ಯಗಳನ್ನು ಮರಳಿ ತರಬೇಕೆಂದು ಸೂಚಿಸಿತು. ರಬಾಬು, ತಾವೂಸುಗಳು ಮತ್ತೆ ಮೊಳಗುವುದಾದರೆ ಯಾರು ತಾನೆ ಸಂತೋಷಪಡರು? ಆದರೆ ಅವುಗಳನ್ನು ಬಲ್ಲ ನೂರು ಕೈಗಳನ್ನು ಮೊದಲು ತಯಾರಿಸಿದರೆ, ಹಾರ್ಮೋನಿಯಂ ತಾನಾಗಿಯೇ ಪಕ್ಕಕ್ಕೆ ಸರಿದು ಜಾಗ ಕೊಟ್ಟೀತು ಎಂದು ನನ್ನ ನಂಬಿಕೆ.

ವಿದೇಶೀಯತೆಯೇ ದೋಷವೆನ್ನುವವರು ಪಿಟೀಲನ್ನು ನೆನೆಯಲಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತ ಕಾಲದಿಂದ ಅದು ಕರ್ನಾಟಕ ಸಂಗೀತದ ಮನೆಮಗಳು. ಏಳು ತಂತಿಗಳ ಪಿಟೀಲಿನ ಟಿ. ಚೌಡಯ್ಯನವರ (1895-1967) ಹೆಸರಿನಲ್ಲಿ ಬೆಂಗಳೂರು ಪಿಟೀಲಿನ ಆಕಾರದ ಸಭಾಭವನವನ್ನೇ ಕಟ್ಟಿಕೊಂಡಿದೆ. ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ಸ್ಯಾಕ್ಸೋಫೋನನ್ನು ನಾಗಸ್ವರದ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು (1949-2019) ತಿದ್ದಿ ತೀಡಿ ಗಮಕಕ್ಕೆ ಒಗ್ಗಿಸಿದರು. ಹಾರ್ಮೋನಿಯಮ್ಮಿನದೇ ನಾಲಿಗೆಗಳುಳ್ಳ ಶ್ರುತಿಪೆಟ್ಟಿಗೆ ಕರ್ನಾಟಕ ಸಂಗೀತದ ವೇದಿಕೆಯಲ್ಲಿ ಯಾರ ಆಕ್ಷೇಪಣೆಯೂ ಇಲ್ಲದೆ ಕುಳಿತಿತ್ತು. ಎಲ್ಲಕ್ಕಿಂತ ಮಿಗಿಲಾದ ವಿನೋದವಿದು: ಹಾರ್ಮೋನಿಯಮ್ಮನ್ನು ಮೂಸಿಯೂ ನೋಡದ ವಿದ್ವಾಂಸರನ್ನು "ತಮ್ಮ ಶ್ರುತಿ ಎಷ್ಟು?" ಎಂದು ಕೇಳಿ ನೋಡಿ. "ಒಂದೂವರೆ ಮನೆ" ಎಂದೋ "ಕಪ್ಪು ಒಂದು" ಎಂದೋ ಹೇಳುತ್ತಾರೆ. ಯಾವ ಮನೆ? ಯಾವುದರ ಕಪ್ಪು? ಹಾರ್ಮೋನಿಯಮ್ಮಿನದೇ!

ಹಾಗಾದರೆ ಆ ಎರಡು ಕಂಪನಗಳ ದೋಷವನ್ನು ಮರೆತುಬಿಡೋಣವೆ? ಕೂಡದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರೂ ಕ್ಲೆಮೆಂಟ್ಸ್ ಎಂಬ ಆಂಗ್ಲ ಅಧಿಕಾರಿಯೂ ಶ್ರುತಿಶುದ್ಧವಾದ ಹಾರ್ಮೋನಿಯಮ್ಮಿಗಾಗಿ ಶ್ರಮಿಸಿದರು. ನಮ್ಮ ಕಾಲದಲ್ಲಿ ವಿದ್ಯಾಧರ ಓಕರು ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಮ್ಮನ್ನು ರೂಪಿಸಿದ್ದಾರೆ. ವಾದ್ಯವನ್ನು ತಿದ್ದುವ ಕೆಲಸ ಅವರದು; ಕಿವಿಯನ್ನು ತಿದ್ದುವ ಕೆಲಸ ನಮ್ಮದು. ಇಂದಿನ ಮಗು ತೊಟ್ಟಿಲಿನಿಂದಲೇ ವಿದ್ಯುತ್ ಕೀಬೋರ್ಡಿನ ನಾದವನ್ನು ಕೇಳುತ್ತದೆ. ಕೈಯಲ್ಲಿ ಹಿಡಿದ ದೂರವಾಣಿಯಿಂದ ಬರುವ ಹಾಡುಗಳಲ್ಲಿ ಬಹುಪಾಲು ಅದೇ ಹನ್ನೆರಡು ಸಮಭಾಗಗಳ ಶ್ರುತಿಯವು. ಒಂದು ಹಾರ್ಮೋನಿಯಮ್ಮನ್ನು ಹೊರಗಿಟ್ಟರೆ ಕಿವಿ ಉಳಿದೀತೆಂಬ ಭ್ರಮೆಗೆ ಈಗ ಎಡೆಯೇ ಇಲ್ಲ. ಮಾಡಬಹುದಾದದ್ದು ಒಂದೇ: ಮಗುವಿಗೆ ಎರಡನ್ನೂ ಕೇಳಿಸುವುದು. ಪ್ರತಿ ಶಾಲೆಯಲ್ಲಿ ಒಂದು ತಂಬೂರಿ ಇರಲಿ, ಅದರ ಪಕ್ಕದಲ್ಲಿ ಒಂದು ಹಾರ್ಮೋನಿಯಮ್ಮೂ ಇರಲಿ. ತಂಬೂರಿ ಮೀಟಿ, ಅದರೊಳಗಿನ ಗಾಂಧಾರ ಕಿವಿಗೆ ಬೀಳುವವರೆಗೆ ಕಾದು, ಅನಂತರ ಹಾರ್ಮೋನಿಯಮ್ಮಿನ ಗಾಂಧಾರವನ್ನು ಒತ್ತಿ, "ವ್ಯತ್ಯಾಸ ತಿಳಿಯಿತೆ?" ಎಂದು ಉಪಾಧ್ಯಾಯರು ಕೇಳಲಿ. ತಿಳಿದ ಮಗುವಿಗೆ ನಿಷೇಧದ ಅಗತ್ಯವಿಲ್ಲ. ತಿಳಿಯದ ಮಗುವಿಗೆ ನಿಷೇಧದಿಂದ ಲಾಭವಿಲ್ಲ.

ಸ್ಪರ್ಧೆ ಮುಗಿದ ಮೇಲೆ ಆ ಹುಡುಗಿ ಬಹುಮಾನದ ಪುಸ್ತಕವನ್ನು ಎದೆಗವಚಿಕೊಂಡು ನಮ್ಮ ಮುಂದೆಯೇ ಹಾದುಹೋದಳು. "ಅಮ್ಮಾ, ರೇಡಿಯೋದವರು ಹಾರ್ಮೋನಿಯಮ್ಮನ್ನು ಯಾಕೆ ಬೇಡವೆಂದರು, ಗೊತ್ತೇನು?" ಎಂದು ಕೇಳಿದೆ. ಅವಳು ನಿಂತು, ಸ್ವಲ್ಪ ಯೋಚಿಸಿ, "ಅದು ನಮಗೆ ಹೇಳಿಕೊಟ್ಟಿಲ್ಲ ಸಾರ್. ಯಾಕೆ?" ಎಂದಳು. ಆ ಸಂಜೆ ಕೇಳಿದ ಪ್ರಶ್ನೆಗಳಲ್ಲೆಲ್ಲ ಉತ್ತಮವಾದದ್ದು ಅದೇ. ಅದಕ್ಕೆ ಮಾತ್ರ ಅಂಕಗಳಿರಲಿಲ್ಲ.